ಬಡಾವಣೆಯೊಳಗೊಂದು ನಾಟಕದ ಮನೆ

ಮೈಸೂರಿನಲ್ಲಿ ನಾಟಕ ಎಂದರೆ ಕಾಲು ತಾನಾಗಿಯೇ ಕಲಾಮಂದಿರದ ಆವರಣಕ್ಕೆ, ರಂಗಾಯಣಕ್ಕೆ ತಿರುಗುತ್ತದೆ. ಕುವೆಂಪುನಗರದಾಚೆಯ ರಾಮಕೃಷ್ಣನಗರಕ್ಕೂ ನಾಟಕ ನೋಡಲು ಹೋಗುವ ರೂಢಿ ಹತ್ತಿಸಿದ್ದು ‘ನಟನ’. ಮನೆಗಳ ಬಡಾವಣೆಯಲ್ಲಿ ತನ್ನದೇ ರಂಗಮಂದಿರ ಇಟ್ಟುಕೊಂಡ ಹವ್ಯಾಸಿ ತಂಡಗಳು ನಮ್ಮಲ್ಲಿ ಎಷ್ಟಿವೆ?

ಇದನ್ನು ಕಟ್ಟಿದವರು ಮಂಡ್ಯ ರಮೇಶ್. ಟಿ.ವಿ. ನೋಡುವವರಿಗೆ ಅವರು ‘ಮಜಾ ಟಾಕೀಸ್’ನ ಮುದ್ದೇಶ, ಸಿನಿಮಾ ಪ್ರಿಯರಿಗೆ 1996ರ ‘ಜನುಮದ ಜೋಡಿ’ಯಿಂದ ಪರಿಚಿತ ಮುಖ. ಅದಕ್ಕೂ ಹಿಂದೆ ಹೆಗ್ಗೋಡಿನ ನೀನಾಸಂನಲ್ಲಿ ಕಲಿತು, 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದ ಮೊದಲ ತಂಡದಲ್ಲಿದ್ದವರು. ಸಿನಿಮಾಕ್ಕೆ ಹೋದವನು ರಂಗಭೂಮಿಗೆ ಎರವಾದ ಎಂಬ ಗೊಣಗಾಟ ನಮ್ಮಲ್ಲಿ ಹಳೆಯದು. ಗುಬ್ಬಿ ಕಂಪನಿಯಲ್ಲಿ ಬೆಳೆದ ಕಾರಂತರೇ ‘ಚೋಮನ ದುಡಿ’ ನಿರ್ದೇಶಿಸಿ ಸ್ವರ್ಣಕಮಲ ತಂದವರು. ಅವರ ಗರಡಿಯಲ್ಲಿ ಪಳಗಿದವರಿಗೆ ಎರಡು ದೋಣಿಯ ಭಯ ಇರಲಾರದು.

ನಟನದ ಹೆಸರಾಂತ ಪ್ರಯೋಗ ‘ಚೋರ ಚರಣದಾಸ’. ವಿಜಯದಾನ್ ದೇಥಾ ಬರೆದ ರಾಜಸ್ಥಾನಿ ಕಥೆಯನ್ನು ಹಬೀಬ್ ತನ್ವೀರ್ ಛತ್ತೀಸಗಢದ ಕಲಾವಿದರಿಗಾಗಿ ನಾಟಕ ಮಾಡಿದರು. ಅದೇ ಕಲಾವಿದರನ್ನೂ ಸ್ಮಿತಾ ಪಾಟೀಲರನ್ನೂ ಇಟ್ಟುಕೊಂಡು ಶ್ಯಾಮ್ ಬೆನಗಲ್ 1975ರಲ್ಲಿ ಸಿನಿಮಾ ಮಾಡಿದರು. ಚರಣದಾಸ ಕಳ್ಳ. ಚಿನ್ನದ ತಟ್ಟೆಯಲ್ಲಿ ಉಣ್ಣುವುದಿಲ್ಲ, ಆನೆ ಮೇಲೆ ಮೆರವಣಿಗೆ ಹೋಗುವುದಿಲ್ಲ, ರಾಣಿಯನ್ನು ಮದುವೆಯಾಗುವುದಿಲ್ಲ, ರಾಜನಾಗುವುದಿಲ್ಲ ಎಂದು ತಮಾಷೆಗೆ ಗುರುವಿನ ಮುಂದೆ ಆಣೆ ಇಡುತ್ತಾನೆ. ಕಳ್ಳನಿಗೆ ಇವೆಲ್ಲ ಎಲ್ಲಿಂದ ಬರಬೇಕು! ಗುರು ಸುಮ್ಮನಿರದೆ ಸುಳ್ಳಾಡಬಾರದೆಂಬ ಐದನೆಯದನ್ನೂ ಸೇರಿಸುತ್ತಾನೆ. ನಾಲ್ಕೂ ಒಂದೊಂದಾಗಿ ಮನೆ ಬಾಗಿಲಿಗೆ ಬರುತ್ತವೆ; ಕೊಟ್ಟ ಮಾತಿಗೆ ಕಟ್ಟುಬಿದ್ದವನು ಪ್ರಾಣ ಕಳೆದುಕೊಳ್ಳುತ್ತಾನೆ.

ಕಲಿಯುವವರ ತಂಡಕ್ಕೆ ಇಂಥ ನಾಟಕ ಒಗ್ಗುವುದಕ್ಕೆ ಕಾರಣವಿದೆ. ಭಾರೀ ರಂಗಸಜ್ಜಿಕೆ ಬೇಡ, ಅರಮನೆಯನ್ನು ಹಾಡಿನಲ್ಲೇ ಎಬ್ಬಿಸಬಹುದು. ಮೇಳಕ್ಕೆ ಎಷ್ಟು ಜನರಿದ್ದರೂ ಸೈ. ಮಾತು ಸಿಗದವರಿಗೂ ಕುಣಿತ ಸಿಗುತ್ತದೆ. ಪೊಲೀಸನ ಟೋಪಿ ತೆಗೆದಿಟ್ಟು ಮುಂದಿನ ದೃಶ್ಯಕ್ಕೆ ಮಂತ್ರಿಯ ಪೇಟ ಸುತ್ತಿಕೊಳ್ಳಲು ಸಿಗುವ ಅರೆ ನಿಮಿಷದಲ್ಲಿ ಹೊಸ ಹುಡುಗ ಕಲಿಯುವುದು ತರಗತಿಯಲ್ಲಿ ಬರುವಂಥದ್ದಲ್ಲ. ಕ್ಯಾಮೆರಾ ಮುಂದೆ ‘ಕಟ್’ ಎಂದು ಇನ್ನೊಂದು ಟೇಕ್ ತೆಗೆದುಕೊಳ್ಳಬಹುದು. ಇಲ್ಲಿ ಪೇಟ ಜಾರಿದರೆ ಜಾರಿದ ಪೇಟದಲ್ಲೇ ಮಾತು ಮುಗಿಸಬೇಕು.

ಈಗಿನ ತಲೆಮಾರಿನವರಲ್ಲಿ ರಮೇಶ್ ಅವರ ಮಗಳು ದಿಶಾ ರಮೇಶ್ ಹೆಸರು ಎದ್ದು ಕಾಣುತ್ತದೆ. ನಟನದ ರಂಗದ ಮೇಲೆ ಬೆಳೆದು, 2023ರ ‘ಎಸ್‌ಎಲ್‌ವಿ: ಸಿರಿ ಲಂಬೋದರ ವಿವಾಹ’ಕ್ಕೆ ನಾಯಕಿಯಾದವರು. ಅಪ್ಪನ ದಾರಿ ಎನ್ನುವುದು ಸುಲಭ. ಆದರೆ ಅಪ್ಪನ ಕಾಲದವರು ರಂಗದಲ್ಲಿ ಪಳಗಿದ ಮೇಲೆ ತೆರೆಗೆ ಹೋದರು. ಈಗಿನವರಿಗೆ ಎರಡೂ ಒಟ್ಟೊಟ್ಟಿಗೇ ನಡೆಯುತ್ತವೆ.

ನಟನ ಬಡಾವಣೆಯವರದ್ದೂ ಆಗಿರುವುದು ಮಕ್ಕಳಿಂದ. ಬೇಸಿಗೆ ಬಂತೆಂದರೆ ‘ರಜಾ ಮಜಾ’ ಶಿಬಿರ. ಮಗು ಟಿ.ವಿ.ಯಲ್ಲಿ ಬರಲಿ ಎಂಬ ಆಸೆಯಿಂದ ಸೇರಿಸುವ ಅಪ್ಪ ಅಮ್ಮಂದಿರೂ ಇದ್ದಾರು, ಇರಲಿ. ಅವರನ್ನು ಶಿಬಿರ ಮುಗಿದ ಮೇಲೂ ವಾರಾಂತ್ಯದ ನಾಟಕಕ್ಕೆ ಎಳೆದುಕೊಂಡು ಬರುವುದೂ ಆ ಮಗುವೇ.