ಭೂಗರ್ಭದ ಉಷ್ಣವೂ ದತ್ತಾಂಶದ ವಿನಿಯೋಗವೂ

ಭೂಮಿಯ ಒಡಲಿನಲ್ಲಿ ಉಷ್ಣವಿದೆಯೆಂಬುದು ಕನ್ನಡ ನಾಡಿಗೆ ಹೊಸ ಸಂಗತಿಯಲ್ಲ. ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದ ಬೆಂದ್ರುತೀರ್ಥವು ಬಿಸಿನೀರಿನ ಬುಗ್ಗೆಯೆಂದೇ ಹೆಸರಾದುದು. ಇಂತಹ ಉಷ್ಣದಿಂದ ವಿದ್ಯುತ್ತನ್ನು ಪಡೆಯಬಹುದೆಂಬುದನ್ನು 1904ರಷ್ಟು ಹಿಂದೆಯೇ ಇಟಲಿಯ ಲಾರ್ದೆರೆಲ್ಲೊ ಎಂಬಲ್ಲಿ ಸಿದ್ಧಪಡಿಸಿ ತೋರಿಸಲಾಯಿತು. ಹಾಗಾದರೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂತಹ ಊರಿನ ನೆಲದಡಿಯಲ್ಲಿಯೂ ಆ ಶಕ್ತಿ ಅಡಗಿರಬಹುದೆ? ಕೊಳವೆಬಾವಿ ಬತ್ತಿ ಹಾಕಿದ ಹಣವೆಲ್ಲ ಮಣ್ಣುಪಾಲಾದ ಮನೆಗಳುಳ್ಳ ಸೀಮೆಯಲ್ಲಿ, ಕೊರೆಯುವುದಕ್ಕೆ ಮೊದಲೇ ಇದನ್ನು ಅರಿಯುವ ಉಪಾಯವಿದ್ದರೆ ಅದನ್ನು ಅಲ್ಪವೆನ್ನಲಾಗದು.

ಅಂತಹ ಉಪಾಯವು ಮುಕ್ತ ದತ್ತಾಂಶದಲ್ಲಿದೆ. 'ದತ್ತ' ಎಂದರೆ ಕೊಡಲ್ಪಟ್ಟುದು; ಆಂಗ್ಲರ 'ಡೇಟಾ' ಶಬ್ದಕ್ಕೆ ಮೂಲವಾದ ಲ್ಯಾಟಿನ್ ಪದಕ್ಕೂ ಇದೇ ಅರ್ಥ. ದಾನವೆಂಬ ಶಬ್ದವೂ ಅದೇ ಧಾತುವಿನದು. ಕೊಟ್ಟದ್ದು ಪೆಟ್ಟಿಗೆಯಲ್ಲಿ ಬೀಗ ಬಿದ್ದು ಕುಳಿತರೆ ಹೆಸರಿಗೆ ಅರ್ಥವೆಲ್ಲಿಯದು? ಅಂತರರಾಷ್ಟ್ರೀಯ ಉಷ್ಣಪ್ರವಾಹ ಆಯೋಗವು ಜಗತ್ತಿನ ನಾನಾ ಭಾಗಗಳಿಂದ ಸಂಗ್ರಹಿಸಿದ 90 ಸಾವಿರಕ್ಕೂ ಮಿಕ್ಕ ಅಳತೆಗಳನ್ನು 2024ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ನಮ್ಮ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ 'ಭೂಕೋಶ'ದಲ್ಲಿ ಶಿಲೆಗಳ ಹಾಗೂ ಸ್ತರಭಂಗಗಳ ನಕ್ಷೆಗಳು ದೊರೆಯುತ್ತವೆ. ಇವೆರಡನ್ನೂ 'ಕ್ಯೂಜಿಐಎಸ್' ಎಂಬ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಹಾಸಿದರೆ, ಯಾವ ಶಿಲೆಯ ಮೇಲೆ ಎಷ್ಟು ಉಷ್ಣ ಹೊಮ್ಮುತ್ತಿದೆಯೆಂಬುದು ಕಣ್ಣಿಗೆ ಕಾಣುತ್ತದೆ. ಆಳ, ಉಷ್ಣದ ಏರಿಕೆ, ನೀರಿನ ಹರಿವು ಇವನ್ನು ಊಡಿಸಿದರೆ ದೊರೆಯುವ ವಿದ್ಯುತ್ತನ್ನೂ ತಗಲುವ ವೆಚ್ಚವನ್ನೂ ಗಣಿಸಿಕೊಡುವ 'ಜಿಯೋಫೈರ್ಸ್' ಎಂಬ ಇನ್ನೊಂದು ತಂತ್ರಾಂಶವು ಅಮೆರಿಕದಲ್ಲಿ ರೂಪುಗೊಂಡಿದೆ, ಅದೂ ಉಚಿತವೇ.

ಈಗ ಜಾಲಹಳ್ಳಿಯ ಮಾತು. ರಾಯಚೂರು ಸೀಮೆಯು ಧಾರವಾಡ ಭೂಖಂಡವೆಂದು ಹೆಸರಾದ ಅತಿ ಪ್ರಾಚೀನ ಶಿಲಾಪೀಠದ ಭಾಗ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿದ್ವಾಂಸರು ಅಳೆದಂತೆ, ಈ ಪೀಠದಲ್ಲಿ ಚದರ ಮೀಟರಿಗೆ ಹೊಮ್ಮುವ ಉಷ್ಣ ಸ್ಥೂಲವಾಗಿ 25ರಿಂದ 50 ಮಿಲಿವಾಟ್. ಭೂಖಂಡಗಳ ಸರಾಸರಿಯೋ ಸುಮಾರು 65. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯು ಇದೇ ಪೀಠದಲ್ಲಿ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಬೇಸಗೆಯ ಹಗಲೂ ತಂಪೆನ್ನಿಸುವಷ್ಟು ಬಿಸಿ ಅಲ್ಲಿ ಗಣಿಗಾರರನ್ನು ಕಾಡಿತು. ಆದರೂ ಆ ಆಳಕ್ಕೆ ಅದು ಹೆಚ್ಚಿನ ಉಷ್ಣವಲ್ಲ. ಪ್ರತಿ ಕಿಲೋಮೀಟರಿಗೆ 12 ಡಿಗ್ರಿಯಂತೆ ಏರುತ್ತದೆಂದು ಹಿಡಿದರೆ, ವಿದ್ಯುತ್ತಿಗೆ ಬೇಕಾದ 150 ಡಿಗ್ರಿಯನ್ನು ಮುಟ್ಟಲು ಹತ್ತು ಕಿಲೋಮೀಟರು ಕೊರೆಯಬೇಕು! ರಷ್ಯದ ಕೋಲಾದಲ್ಲಿ 12 ಕಿಲೋಮೀಟರಿನ ರಂಧ್ರಕ್ಕೆ ಎರಡು ದಶಕಗಳು ಹಿಡಿದುವು.

ಇದು ನಿರಾಶೆಯ ಉತ್ತರವೆಂದು ಬಗೆಯಬೇಕಾಗಿಲ್ಲ. 'ಇಲ್ಲಿ ಬೇಡ' ಎಂಬ ಮಾತನ್ನು ಒಂದು ಕಾಸೂ ಖರ್ಚಿಲ್ಲದೆ ಹೇಳುವುದೇ ತೆರೆದ ಕೋಷ್ಟಕದ ದೊಡ್ಡ ಉಪಕಾರ. ಕೊಳವೆಬಾವಿಯ ವಿಷಯದಲ್ಲಿ ನಮ್ಮ ರೈತನಿಗೆ ಅದನ್ನು ಹೇಳುವವರಿರಲಿಲ್ಲ. ಪಕ್ಕದ ಹೊಲದಲ್ಲಿ ಸೋತ ಬಾವಿಯ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಜಾಲಹಳ್ಳಿಗೆ ಒಪ್ಪುವ ಉಪಯೋಗ ಬೇರೆಯದು. ಕೆಲವೇ ಮೀಟರುಗಳ ಆಳದಲ್ಲಿ ನೆಲದ ಉಷ್ಣ ವರ್ಷವಿಡೀ ಹೆಚ್ಚು ಕಡಿಮೆಯಾಗದೆ ಸರಾಸರಿಯಲ್ಲಿ ನಿಲ್ಲುತ್ತದೆ. ಮೇಲೆ ಗಾಳಿ 42 ಡಿಗ್ರಿ ಕಾದಿರುವಾಗ ಕೆಳಗೆ ಅದಕ್ಕಿಂತ ಎಷ್ಟೋ ತಂಪು. ಹೂತ ಕೊಳವೆಗಳ ಮೂಲಕ ಗಾಳಿಯನ್ನು ಹಾಯಿಸಿ ಪಾಠಶಾಲೆ, ದವಾಖಾನೆ, ಧಾನ್ಯದ ಉಗ್ರಾಣಗಳನ್ನು ತಂಪಾಗಿಡುವ ವಿಧಾನವು ಪ್ರಯೋಗದಲ್ಲಿದೆ. ಆದರೆ ಆ ಲೆಕ್ಕಕ್ಕೆ ಜಗತ್ತಿನ ಕೋಷ್ಟಕ ಸಾಲದು. ಊರಿನ ಹಾಳುಬಿದ್ದ ಕೊಳವೆಬಾವಿಯೊಳಕ್ಕೆ ಉಷ್ಣಮಾಪಕವನ್ನು ಇಳಿಬಿಟ್ಟು, ಆಳವಾರು ತಿಂಗಳು ತಿಂಗಳೂ ಬರೆದಿಟ್ಟ ಅಂಕೆಗಳೇ ಬೇಕು.