ಕೊಯಮತ್ತೂರು–ತಿರುಪ್ಪೂರು: ನೆಲ, ಗಡಿ ಮತ್ತು ಕನ್ನಡ

ಕೊಳ್ಳೇಗಾಲದ ಹತ್ತೊಂಬತ್ತನೆಯ ಶತಮಾನದ ಚರಿತ್ರೆಯನ್ನು ಅರಸುವ ವಿದ್ಯಾರ್ಥಿಗಳಿಗೆ ಮೈಸೂರಿನ ದಾಖಲೆಗಳಷ್ಟೇ ಸಾಲವು. 1887ರಲ್ಲಿ ಎಫ್. ಎ. ನಿಕಲ್ಸನ್ ಸಿದ್ಧಪಡಿಸಿದ ಕೊಯಮತ್ತೂರು ಜಿಲ್ಲಾ ಕೈಪಿಡಿಯನ್ನೂ ತೆರೆಯಬೇಕು. ಏಕೆಂದರೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಆ ತಾಲ್ಲೂಕು ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಆದ್ದರಿಂದ ಈ ಸೀಮೆಯ ಭೂಗೋಳ ಮತ್ತು ಆಡಳಿತದ ಪರಿಚಯ ಕನ್ನಡದ ಅಭ್ಯಾಸಿಗಳಿಗೂ ಅಗತ್ಯ.

ಕೊಂಗುನಾಡೆಂದು ಹೆಸರಾದ ಈ ಸೀಮೆಯ ವಾಯವ್ಯಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೆಮಲೆ. ಇವೆರಡರ ನಡುವೆ ಪಾಲಕ್ಕಾಡಿನ ಕಣಿವೆ. ಮುಂಗಾರಿನ ಗಾಳಿ ಆ ಕಣಿವೆಯಿಂದ ನುಗ್ಗಿ ಬರುತ್ತದೆಯಾದರೂ ಬಯಲಿನ ಬಹುಭಾಗ ಮಳೆಯ ನೆರಳಿನಲ್ಲಿದೆ. ಹೀಗಾಗಿ ಬೇಸಾಯವು ಬಾವಿಗಳನ್ನೂ ನದಿಗಳನ್ನೂ ನೆಚ್ಚಿದೆ. ಉತ್ತರದಲ್ಲಿ ಮೇಟ್ಟುಪಾಳಯವನ್ನು ಹಾಯುವ ಭವಾನಿ, ವೆಳ್ಳಿಯಂಗಿರಿಯಲ್ಲಿ ಹುಟ್ಟುವ ನೊಯ್ಯಲ್, ಆನೆಮಲೆಯಿಂದಿಳಿದು ಧಾರಾಪುರವನ್ನು ಬಳಸಿ ಹರಿಯುವ ಅಮರಾವತಿ, ಈ ಮೂರೂ ಕೊನೆಗೆ ಕಾವೇರಿಯನ್ನು ಸೇರುತ್ತವೆ. ಹತ್ತಿಯ ನೆಲವಾದ ಇಲ್ಲಿ ಕೊಯಮತ್ತೂರಿನ ನೂಲಿನ ಗಿರಣಿಗಳೂ ತಿರುಪ್ಪೂರಿನ ಬನಿಯನ್ ಉದ್ಯಮವೂ ಬೆಳೆದವು.

ಫ್ರಾನ್ಸಿನಲ್ಲಿ 1790ರಲ್ಲಿ ವಿಭಾಗಗಳನ್ನು ರಚಿಸಿದಾಗ ಬಹುತೇಕ ವಿಭಾಗಗಳಿಗೆ ನದಿ, ಬೆಟ್ಟಗಳ ಹೆಸರನ್ನಿಟ್ಟರು. ನಮ್ಮ ಜಿಲ್ಲೆಗಳಿಗೆ ಸಾಮಾನ್ಯವಾಗಿ ಕೇಂದ್ರಪಟ್ಟಣದ ಹೆಸರೇ ರೂಢಿ. ಪಟ್ಟಣಗಳು ಬೆಳೆದಂತೆ ಜಿಲ್ಲೆ ಒಡೆಯಿತು. 1979ರಲ್ಲಿ ಈರೋಡಿನ ಸೀಮೆಯು ಪೆರಿಯಾರ್ ಜಿಲ್ಲೆಯಾಗಿ ಬೇರ್ಪಟ್ಟಿತು. 2009ರಲ್ಲಿ ಕೊಯಮತ್ತೂರು, ಈರೋಡ್ ಜಿಲ್ಲೆಗಳ ಭಾಗಗಳನ್ನು ಕೂಡಿಸಿ ತಿರುಪ್ಪೂರು ಜಿಲ್ಲೆಯನ್ನು ರಚಿಸಲಾಯಿತು. ಜಿಲ್ಲೆಯ ಕೆಳಗೆ ಕಂದಾಯ ಉಪವಿಭಾಗ, ಅದರ ಕೆಳಗೆ ತಾಲ್ಲೂಕು, ಫಿರ್ಕಾ, ಗ್ರಾಮ, ಇದು ಕಂದಾಯ ಆಡಳಿತದ ಕ್ರಮ. ಬಾಲ್ಯದಲ್ಲಿ ಮರಾಠಿಯ ‘ಜಿಲ್ಹಾ, ತಾಲುಕಾ’ಗಳನ್ನೂ ಕನ್ನಡದ ‘ಜಿಲ್ಲೆ, ತಾಲ್ಲೂಕು’ಗಳನ್ನೂ ಒಟ್ಟಿಗೇ ಕಲಿತ ನನಗೆ ತಮಿಳಿನ ‘ಮಾವಟ್ಟಂ, ವಟ್ಟಂ’ ಹೊಸವಾಗಿ ಕೇಳಿಸಿದವು. ತಹಸೀಲ್ದಾರರು ಮಾತ್ರ ಮೂರೂ ಕಡೆ ಪರಿಚಿತರೇ.

ಭಾಷಾವಾರು ವಿಂಗಡಣೆಯು ತಾಲ್ಲೂಕುಗಳನ್ನು ಹಂಚಿತೇ ಹೊರತು ಮನೆಗಳನ್ನಲ್ಲ. ಮಗ್ಗವನ್ನು ನೆಚ್ಚಿದ ದೇವಾಂಗರು, ಬೇಸಾಯವನ್ನು ನೆಚ್ಚಿದ ಒಕ್ಕಲಿಗರು ಮೊದಲಾದವರಲ್ಲಿ ಅನೇಕರ ಮನೆಮಾತು ಇಂದಿಗೂ ಕನ್ನಡ. ಆದರೆ ಅವರ ಮಕ್ಕಳು ಶಾಲೆಯಲ್ಲಿ ಕಲಿಯುವುದು ಬಹುಮಟ್ಟಿಗೆ ತಮಿಳು ಲಿಪಿಯನ್ನು. ಮನೆಯ ಕನ್ನಡವು ಬರಹಕ್ಕೆ ಇಳಿಯುವುದು ಅಪರೂಪ. ಆ ನುಡಿಯನ್ನಾಡುವ ಹಿರಿಯರು ಮರೆಯಾದರೆ ಮಗ್ಗದ, ಹೊಲದ ಎಷ್ಟೋ ಪದಗಳು ಅವರೊಂದಿಗೇ ಹೋಗುತ್ತವೆ.

ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಲ್ಲಿ ಒಂದು ಅರಿಕೆ: ಪದವೊಂದನ್ನು ಬರೆದುಕೊಳ್ಳುವಾಗ ಅದನ್ನಾಡಿದ ಊರು, ಇಂದಿನ ತಾಲ್ಲೂಕು ಮತ್ತು ಜಿಲ್ಲೆಯ ಜತೆಗೆ 1956ಕ್ಕೆ ಹಿಂದಿನ ಜಿಲ್ಲೆಯನ್ನೂ ನಮೂದಿಸಿರಿ. ಹಾಗಿದ್ದರೆ ಮಾತ್ರ ಕೊಳ್ಳೇಗಾಲದ ಪದವೂ ಕೊಯಮತ್ತೂರಿನ ಪದವೂ ಒಂದೇ ಹಾಳೆಯ ಮೇಲೆ ಮತ್ತೆ ಸಂಧಿಸಿಯಾವು.