ಸುರುಳಿಯ ಹಿಂಬದಿಯಲ್ಲಿದ್ದವನು

1901ರಲ್ಲಿ ಲುಡ್ವಿಗ್ ಬೊರ್ಕಾರ್ಟ್ ಕೈರೋದಲ್ಲಿ ಒಂದು ಪಪೈರಸ್ ಸುರುಳಿ ಕೊಂಡರು. (ನೆಫರ್ಟೀಟಿಯ ಪ್ರತಿಮೆ 1912ರಲ್ಲಿ ಸಿಕ್ಕಿದ್ದೂ ಇವರ ಉತ್ಖನನದಲ್ಲೇ.) ಹರ್ಮೊಪೊಲಿಸ್ ಎಂಬ ಹಳೆಯ ಊರಿನ ಆ ಸುರುಳಿ ಬರ್ಲಿನ್ ಸೇರಿತು. ವಿದ್ವಾಂಸರು ಮೊದಲು ಮುಗಿಬಿದ್ದದ್ದು ಅದರ ಒಂದು ಬದಿಯ ಮೇಲೆ. ಗ್ರೀಕ್ ವಾಗ್ಮಿ ಡೆಮಾಸ್ತನೀಸನ ಭಾಷಣಗಳಿಗೆ ಡಿಡಿಮಸ್ ಎಂಬ ವಿದ್ವಾಂಸ ಬರೆದ ಟೀಕೆ ಅಲ್ಲಿತ್ತು. ಡೀಲ್ಸ್ ಮತ್ತು ಶೂಬಾರ್ಟ್ 1904ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಹಿಂಬದಿಯಲ್ಲಿದ್ದವನ ಸರದಿ ಇನ್ನೂ ಬಂದಿರಲಿಲ್ಲ.

ಅವನ ಹೆಸರು ಹಿಯರೊಕ್ಲೀಸ್. ಹೆಸರೇನೂ ಹೊಸದಲ್ಲ. ಐದನೆಯ ಶತಮಾನದ ಸ್ಟೊಬೇಯಸ್ ತನ್ನ ಸಂಕಲನದಲ್ಲಿ ಇದೇ ಹೆಸರಿನವನ ಹಲವು ಭಾಗಗಳನ್ನು ಉಳಿಸಿದ್ದ. ಅವೆಲ್ಲ ಅಲೆಕ್ಸಾಂಡ್ರಿಯಾದ ನವಪ್ಲೇಟೋವಾದಿ ಹಿಯರೊಕ್ಲೀಸನವು ಎಂದು ಬಹುಕಾಲ ನಂಬಿದ್ದರು. ಅಲ್ಲ, ಇವನು ಬೇರೆ, ಸ್ಟೋಯಿಕ್ ಎಂಬ ಗ್ರೀಕ್ ತತ್ತ್ವಪಂಥದವನು ಎಂದು ಕಾರ್ಲ್ ಪ್ರೆಕ್ಟರ್ ಪುಸ್ತಕವನ್ನೇ ಬರೆದರು. ಅದು ಪ್ರಕಟವಾದದ್ದೂ 1901ರಲ್ಲೇ! ಬರ್ಲಿನ್ನಿನ ಸುರುಳಿಯೂ ಅದನ್ನೇ ಹೇಳಿತು: ಹಿಂಬದಿಯ ಪಠ್ಯದ ತಲೆಯಲ್ಲಿ ಹಿಯರೊಕ್ಲೀಸನ ಹೆಸರೂ ಇತ್ತು, ‘ನೀತಿಶಾಸ್ತ್ರದ ಮೂಲಪಾಠ’ ಎಂಬರ್ಥದ ಶೀರ್ಷಿಕೆಯೂ ಇತ್ತು. ಒಳಗಿನ ವಿಚಾರ ಅಪ್ಪಟ ಸ್ಟೋಯಿಕ್. ಹಳೆಯ ಸ್ಟೋಯಿಕರ ಚೂರುಪಾರು ಮಾತುಗಳನ್ನೆಲ್ಲ ಆಗಷ್ಟೇ ಹೆಕ್ಕಿ ಮುಗಿಸಿದ್ದ ಹಾನ್ಸ್ ಫಾನ್ ಆರ್ನಿಮ್ 1906ರಲ್ಲಿ ಈ ಪಠ್ಯವನ್ನು ಸಂಪಾದಿಸಿದರು.

ಸ್ಟೊಬೇಯಸ್ ಉಳಿಸಿದ ಭಾಗಗಳಲ್ಲಿ ಒಂದು ತುಂಬ ಪ್ರಸಿದ್ಧ. ಪ್ರತಿಯೊಬ್ಬರ ಸುತ್ತಲೂ ವೃತ್ತಗಳಿವೆ: ನಡುವೆ ಮನಸ್ಸು, ಅದರ ಸುತ್ತ ದೇಹ, ಆಮೇಲೆ ಹೆತ್ತವರು, ಒಡಹುಟ್ಟಿದವರು, ಹೆಂಡತಿ ಮಕ್ಕಳು, ನೆಂಟರು, ಊರವರು, ಕೊನೆಗೆ ಇಡೀ ಮನುಷ್ಯಕುಲ. ಹೊರಗಿನವರನ್ನು ಒಂದೊಂದು ವೃತ್ತ ಒಳಕ್ಕೆ ಎಳೆದುಕೊಳ್ಳುವುದೇ ನಮ್ಮ ಕೆಲಸ. ದಾಯಾದಿಗಳನ್ನು ಅಣ್ಣತಮ್ಮಂದಿರೆಂದೂ ತಂದೆತಾಯಿಯ ಒಡಹುಟ್ಟಿದವರನ್ನು ಅಪ್ಪ, ಅಮ್ಮ ಎಂದೂ ಕರೆಯಿರಿ ಎನ್ನುತ್ತಾನೆ. ಚಿಕ್ಕಪ್ಪ ದೊಡ್ಡಮ್ಮಂದಿರ ನಡುವೆ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸ್ಟೋಯಿಕ್ ಎಂದರೆ ಯಾರ ಹಂಗೂ ಇಲ್ಲದ ಕಲ್ಲೆದೆಯವನು ಎಂದು ಈಗಿನ ಪುಸ್ತಕಗಳು ಬಿಂಬಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಸುರುಳಿ ಶುರುವಾಗುವುದು ಇನ್ನೂ ಹಿಂದಿನಿಂದ, ಆಗತಾನೇ ಹುಟ್ಟಿದ ಪ್ರಾಣಿಯಿಂದ. ಯಾವ ಜೀವಿಯೂ ಹೊರಗಿನದನ್ನು ಅರಿಯುವ ಮೊದಲೇ ತನ್ನನ್ನು ತಾನು ಅರಿತಿರುತ್ತದೆ, ತನ್ನ ಮೇಲೆ ಅದಕ್ಕೆ ಅಕ್ಕರೆ ಇರುತ್ತದೆ. ಇದನ್ನು ಸಾಧಿಸಲು ಹಿಯರೊಕ್ಲೀಸ್ ತರ್ಕಕ್ಕಿಂತ ಹೆಚ್ಚಾಗಿ ಕಣ್ಣನ್ನು ನೆಚ್ಚುತ್ತಾನೆ. ಹೋರಿಗೆ ತನ್ನ ಕೊಂಬು ಯಾತಕ್ಕೆಂದು ಗೊತ್ತು. ಪಕ್ಕದಲ್ಲೇ ಹೋರಿ ಕುಣಿದರೂ ಕೋಳಿಮರಿ ಅಂಜುವುದಿಲ್ಲ; ಗಿಡುಗ ಬಂದರೆ ಚೀರಿ ತಾಯಿಯ ರೆಕ್ಕೆಯಡಿ ನುಗ್ಗುತ್ತದೆ. ಚಳಿಗಾಲದಲ್ಲಿ ಮೈಮರೆತು ಮಲಗಿದವನೂ ಹೊದಿಕೆ ಸರಿದರೆ ಎಳೆದುಕೊಳ್ಳುತ್ತಾನೆ. ಜಿಪುಣ ನಿದ್ದೆಯಲ್ಲೂ ಹಣದ ಚೀಲ ಬಿಡುವುದಿಲ್ಲ, ಕುಡುಕ ಹೂಜಿ ಬಿಡುವುದಿಲ್ಲ. ತತ್ತ್ವಶಾಸ್ತ್ರದ ಪಠ್ಯದಲ್ಲಿ ಇಂಥ ಸಾಕ್ಷಿ!

ಮುಂದಿನ ಅಂಕಣಗಳು ತೀರ ಜೀರ್ಣ. ಮನುಷ್ಯ ಗುಂಪಿನ ಪ್ರಾಣಿ, ಒಬ್ಬರಿಗೊಬ್ಬರು ಬೇಕು, ಆದ್ದರಿಂದಲೇ ಊರುಗಳಲ್ಲಿ ಬಾಳುತ್ತೇವೆ ಎಂಬ ಮಾತಿನವರೆಗೆ ಹೇಗೋ ಓದಬಹುದು. ಅಲ್ಲಿಂದಾಚೆ ಬಿಡಿ ಅಕ್ಷರಗಳೇ ಹೆಚ್ಚು. ಬಾಸ್ಟಿಯಾನಿನಿ ಮತ್ತು ಲಾಂಗ್ ಆ ಸಾಲುಗಳನ್ನು ಮತ್ತೆ ಪರಿಶೀಲಿಸಿ 1992ರಲ್ಲಿ ಹೊಸ ಪಾಠ ಹೊರತಂದರು.